ದನಿ ಕೇಳಿ ಆಳನ್ನು ಅರಿಯುವ ಬಗೆ

ಮುಖ ಕಾಣದೆ, ಹೆಸರು ಕೇಳದೆ, ಬರಿಯ ದನಿಯಿಂದಲೇ ಇಂಥವರು ಎಂದು ತಿಳಿಯುವ ಶಕ್ತಿ ಹೆಚ್ಚುಕಡಿಮೆ ಎಲ್ಲರಿಗೂ ಇದೆ. ಮುಚ್ಚಿದ ಕದವನ್ನು ಯಾರೋ ತಟ್ಟುತ್ತಾರೆ. ಒಳಗಿನವರು ‘ಯಾರು?’ ಎನ್ನುತ್ತಾರೆ. ಹೊರಗಿನಿಂದ ‘ನಾನು’ ಎಂಬ ಉತ್ತರ ಬರುತ್ತದೆ. ಅರ್ಥದ ಮಟ್ಟಿಗೆ ನೋಡಿದರೆ ಈ ಉತ್ತರದಿಂದ ಏನೂ ತಿಳಿಯುವುದಿಲ್ಲ. ಯಾರು ಬಂದು ನಿಂತರೂ ‘ನಾನು’ ಎಂದೇ ಹೇಳಬೇಕು. ಆದರೂ ಚಿಲಕ ತೆಗೆಯಲು ಅಷ್ಟೇ ಸಾಕಾಗುತ್ತದೆ. ಆ ಪದ ನುಡಿದು ಮುಗಿಯುವಷ್ಟರಲ್ಲಿ ಕಿವಿ ಮತ್ತು ಮೆದುಳು ಸೇರಿ, ಬಂದವರು ಮಗನೋ ಅಳಿಯನೋ ಪಕ್ಕದ ಮನೆಯವರೋ ಎಂದು ತೀರ್ಮಾನಿಸಿರುತ್ತವೆ. ಈ ತೀರ್ಮಾನ ಹೇಗೆ ಆಗುತ್ತದೆ, ಮಾತಿನಲ್ಲಿ ಸಿಕ್ಕ ಗುರುತು ಹಾಡಿನಲ್ಲಿ ಎಷ್ಟು ಉಳಿಯುತ್ತದೆ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದು ಇಲ್ಲಿಯ ವಿಷಯ.

ದನಿ ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ. ಅಲ್ಲಿ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಮೇಲೇರುವ ಉಸಿರು ಅವುಗಳ ನಡುವೆ ನುಗ್ಗಿದಾಗ ಅವು ಅದುರುತ್ತವೆ. ಗಂಡಸರ ಮಾತಿನಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 210 ಸಲ, ಚಿಕ್ಕ ಮಕ್ಕಳಲ್ಲಿ 300ರ ಆಸುಪಾಸು. ದನಿ ದಪ್ಪ, ದನಿ ಸಣ್ಣ ಎಂದು ಜನ ಹೇಳುವುದು ಮುಖ್ಯವಾಗಿ ಈ ವ್ಯತ್ಯಾಸವನ್ನೇ. ಆದರೆ ಇದೊಂದರಿಂದ ಆಳು ತಿಳಿಯುವುದಿಲ್ಲ. 120ರ ಸುತ್ತ ಮಾತಾಡುವ ಗಂಡಸರು ಒಂದೇ ಓಣಿಯಲ್ಲಿ ಹತ್ತಾರು ಮಂದಿ ಸಿಕ್ಕಾರು.

ಧ್ವನಿತಂತುಗಳಿಂದ ಹೊರಟ ನಾದ ಗಂಟಲು, ಬಾಯಿ, ಮೂಗುಗಳ ಪೊಳ್ಳನ್ನು ಹಾದು ಹೊರಗೆ ಬರುತ್ತದೆ. ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ಈ ದಾರಿ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ. ಹೆಂಗಸರಲ್ಲಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ. ಪೊಳ್ಳಿನ ಉದ್ದಗಲ ಆಕಾರಗಳಿಗೆ ತಕ್ಕಂತೆ ನಾದದ ಕೆಲವು ಅಂಶಗಳು ಬಲಗೊಳ್ಳುತ್ತವೆ, ಕೆಲವು ಕುಗ್ಗುತ್ತವೆ. ಬಲಗೊಂಡ ಅಂಶಗಳ ಗುಂಪುಗಳಿಗೆ ಧ್ವನಿವಿಜ್ಞಾನಿಗಳು ಫಾರ್ಮೆಂಟ್ ಎನ್ನುತ್ತಾರೆ. ‘ಆ’ಕಾರಕ್ಕೂ ‘ಈ’ಕಾರಕ್ಕೂ ಇರುವ ಭೇದ ಇವುಗಳಿಂದಲೇ ತಿಳಿಯುತ್ತದೆ, ಒಬ್ಬರ ‘ಆ’ಕಾರಕ್ಕೂ ಇನ್ನೊಬ್ಬರ ‘ಆ’ಕಾರಕ್ಕೂ ಇರುವ ಭೇದವೂ ಬಹುಮಟ್ಟಿಗೆ ಇವುಗಳಿಂದಲೇ ತಿಳಿಯುತ್ತದೆ. ಒಂದೇ ಶ್ರುತಿಯಲ್ಲಿ ನುಡಿಸಿದರೂ ಕೊಳಲು ಕೊಳಲಾಗಿ, ಪಿಟೀಲು ಪಿಟೀಲಾಗಿ ಕೇಳಿಸುವ ಗುಣಕ್ಕೆ ನಾದಗುಣ ಎಂದು ಹೆಸರು. ಮನುಷ್ಯರ ದನಿಯಲ್ಲಿ ಆ ನಾದಗುಣವನ್ನು ರೂಪಿಸುವುದು ಧ್ವನಿತಂತುಗಳು ಅದುರುವ ರೀತಿ ಮತ್ತು ಈ ಪೊಳ್ಳುಗಳ ಆಕಾರ.

ಬಾಗಿಲಾಚೆಯ ‘ನಾನು’ ಎಂಬ ಪದವನ್ನೇ ಬಿಡಿಸಿ ನೋಡಬಹುದು. ಅದರಲ್ಲಿ ಎರಡು ‘ನ’ಕಾರಗಳಿವೆ, ನಡುವೆ ಒಂದು ದೀರ್ಘ ‘ಆ’ ಇದೆ. ‘ನ’ ಎನ್ನುವಾಗ ನಾಲಿಗೆ ಬಾಯಿಯ ದಾರಿಯನ್ನು ಮುಚ್ಚುತ್ತದೆ. ನಾದ ಮೂಗಿನಿಂದ ಹೊರಡುತ್ತದೆ. ತುಟಿ ನಾಲಿಗೆಗಳನ್ನು ಬೇಕಾದ ಹಾಗೆ ಆಡಿಸಬಹುದು, ಮೂಗಿನೊಳಗಿನ ಪೊಳ್ಳನ್ನು ಹಾಗೆ ಬದಲಿಸಲು ಬರುವುದಿಲ್ಲ. ಹೀಗಾಗಿ ಅನುನಾಸಿಕಗಳಲ್ಲಿ ವ್ಯಕ್ತಿಯ ಗುರುತು ಗಟ್ಟಿಯಾಗಿ ನಿಂತಿರುತ್ತದೆ. ನೆಗಡಿಯಾದಾಗ ಹತ್ತಿರದವರ ದನಿಯೂ ಬೇರೆಯವರದೆನಿಸುವುದಕ್ಕೆ ಇದೂ ಒಂದು ಕಾರಣ. ದೀರ್ಘ ‘ಆ’ಕಾರ ಬಾಯಿಯ ಪೊಳ್ಳಿನ ಅಳತೆಯನ್ನು ಕಿವಿಗೆ ಒಪ್ಪಿಸುತ್ತದೆ. ಕೊನೆಯ ‘ಉ’ಕಾರವನ್ನು ಕೆಲವರು ಪೂರ್ತಿ ನುಡಿಯುತ್ತಾರೆ, ಕೆಲವರು ನುಂಗುತ್ತಾರೆ. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ‘ನಾ’ ಎಂದೇ ಮುಗಿಯುವುದುಂಟು. ದೇಹದ ರಚನೆ, ಅಭ್ಯಾಸ, ಊರು ಮೂರೂ ಆ ಒಂದು ಪದದಲ್ಲಿ ಸೇರಿಕೊಂಡಿರುತ್ತವೆ.

ಅಭ್ಯಾಸದಿಂದ ಬರುವ ಗುರುತುಗಳ ಪಟ್ಟಿ ದೊಡ್ಡದು. ಮಾತಿನ ವೇಗ, ಏರಿಳಿತ, ವಾಕ್ಯದ ನಡುವೆ ನಿಲ್ಲುವ ಜಾಗ, ‘ಸ’ಕಾರ ‘ಶ’ಕಾರಗಳನ್ನು ನುಡಿಯುವ ರೀತಿ, ‘ಳ’ವನ್ನು ‘ಲ’ ಮಾಡುವ ರೂಢಿ, ಮಾತು ಶುರುಮಾಡುವ ಮೊದಲಿನ ಸಣ್ಣ ಕೆಮ್ಮು, ನಗುವ ಬಗೆ, ಎಲ್ಲವೂ ಇದರಲ್ಲಿ ಬರುತ್ತವೆ. ಇವುಗಳಲ್ಲಿ ಯಾವುದು ಮುಖ್ಯ ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಅಮೆರಿಕದ ಸಂಶೋಧಕಿ ಡಯಾನಾ ವ್ಯಾನ್ ಲ್ಯಾಂಕರ್ ಮತ್ತು ಸಂಗಡಿಗರು 1985ರಲ್ಲಿ ಹೆಸರಾಂತ ವ್ಯಕ್ತಿಗಳ ಮಾತಿನ ಮುದ್ರಣವನ್ನು ತಿರುಗುಮುರುಗಾಗಿ ಕೇಳಿಸಿ ಇದನ್ನು ಪರೀಕ್ಷಿಸಿದರು. ಹಿಂದುಮುಂದಾಗಿ ಕೇಳಿಸಿದಾಗ ಉಚ್ಚಾರಣೆಯೂ ಮಾತಿನ ಲಯವೂ ಕೆಡುತ್ತವೆ, ನಾದಗುಣ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ. ಕೆಲವರ ದನಿಯನ್ನು ಕೇಳುಗರು ಆಗಲೂ ಸುಲಭವಾಗಿ ಗುರುತಿಸಿದರು. ಇನ್ನು ಕೆಲವರದನ್ನು ಗುರುತಿಸಲು ಆಗಲೇ ಇಲ್ಲ. ಒಬ್ಬರ ಗುರುತು ನಾದಗುಣದಲ್ಲಿದ್ದರೆ ಇನ್ನೊಬ್ಬರದು ಮಾತಿನ ನಡಿಗೆಯಲ್ಲಿರುತ್ತದೆ.

ದೂರವಾಣಿಯ ಅನುಭವವೂ ಇದಕ್ಕೆ ಹೊಂದುತ್ತದೆ. ಹಳೆಯ ದೂರವಾಣಿ ವ್ಯವಸ್ಥೆ ಸಾಗಿಸುತ್ತಿದ್ದುದು ಸೆಕೆಂಡಿಗೆ 300ರಿಂದ 3400 ಕಂಪನಗಳವರೆಗಿನ ನಾದವನ್ನು ಮಾತ್ರ. ಅಂದರೆ ಗಂಡಸಿನ ದನಿಯ ಮೂಲ ಕಂಪನವೇ ತಂತಿಯಲ್ಲಿ ಹೋಗುತ್ತಿರಲಿಲ್ಲ. ಆದರೂ ದಪ್ಪ ದನಿ ದಪ್ಪವಾಗಿಯೇ ಕೇಳಿಸುತ್ತಿತ್ತು. ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಪ್ರತಿ ದನಿಯಲ್ಲೂ ಇರುತ್ತವೆ. ಮೆದುಳು ಅವುಗಳ ನಡುವಿನ ಅಂತರದಿಂದ ಮೂಲವನ್ನು ಊಹಿಸಿಕೊಳ್ಳುತ್ತದೆ. ಆದರೆ ಅಣ್ಣತಮ್ಮಂದಿರ, ತಾಯಿಮಗಳ ದನಿ ದೂರವಾಣಿಯಲ್ಲಿ ಅದಲುಬದಲಾಗುವುದು ಎಲ್ಲ ಮನೆಗಳಲ್ಲೂ ಕಂಡಿರುವ ಸಂಗತಿ. ದೇಹದ ರಚನೆ ವಂಶದಿಂದ ಬಂದಿರುತ್ತದೆ, ಮಾತಿನ ರೂಢಿ ಮನೆಯಿಂದ ಬಂದಿರುತ್ತದೆ; ಇಬ್ಬರನ್ನು ಬೇರೆ ಮಾಡುವ ಸಣ್ಣ ಅಂಶಗಳನ್ನು ತಂತಿ ಅಳಿಸಿಬಿಡುತ್ತದೆ.

ದನಿಯ ಪರಿಚಯ ಹುಟ್ಟುವ ಮೊದಲೇ ಆರಂಭವಾಗುತ್ತದೆ. ಗರ್ಭದಲ್ಲಿರುವ ಮಗುವಿಗೆ ಕೊನೆಯ ತಿಂಗಳುಗಳಲ್ಲಿ ತಾಯಿಯ ದನಿ ಕೇಳಿಸುತ್ತದೆ. ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿ ಮೂರು ದಿನದೊಳಗಿನ ಶಿಶುಗಳ ಬಾಯಿಗೆ ಹಾಲಿಲ್ಲದ ರಬ್ಬರ್ ತೊಟ್ಟು ಕೊಡಲಾಗಿತ್ತು. ಚೀಪುವ ಲಯವನ್ನು ಒಂದು ಬಗೆಯಾಗಿ ಬದಲಿಸಿದರೆ ಸ್ವಂತ ತಾಯಿಯ ದನಿ, ಇನ್ನೊಂದು ಬಗೆಯಾಗಿ ಬದಲಿಸಿದರೆ ಬೇರೊಬ್ಬ ಹೆಂಗಸಿನ ದನಿ ಕೇಳಿಸುತ್ತಿತ್ತು. ಶಿಶುಗಳು ತಾಯಿಯ ದನಿ ಬರುವ ಹಾಗೆಯೇ ಹೆಚ್ಚಾಗಿ ಚೀಪಿದವು.

ಮೆದುಳಿನಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಜಾಗವಿದೆ. ಕಿವಿಯ ನೇರಕ್ಕಿರುವ ಟೆಂಪೊರಲ್ ಭಾಗದ ಮೇಲಂಚಿನ ಮಡಿಕೆಯಲ್ಲಿ, ಬೇರೆ ಸದ್ದುಗಳಿಗಿಂತ ಮನುಷ್ಯರ ದನಿಗೆ ಹೆಚ್ಚು ಸ್ಪಂದಿಸುವ ನೆಲೆಗಳಿವೆ ಎಂದು ಪಾಸ್ಕಲ್ ಬೆಲಾಂ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರು ಮಾತನ್ನು ಸರಿಯಾಗಿಯೇ ಅರ್ಥಮಾಡಿಕೊಳ್ಳುತ್ತಾರೆ, ಮಾತಾಡಿದವರು ಯಾರೆಂದು ಮಾತ್ರ ಅವರಿಗೆ ತಿಳಿಯುವುದಿಲ್ಲ. ಈ ಕೊರತೆಗೆ 1982ರಲ್ಲಿ ಫೋನಾಗ್ನೋಸಿಯಾ ಎಂದು ಹೆಸರಿಡಲಾಯಿತು. ಪೆಟ್ಟು ಬೀಳದೆಯೂ ಇದು ಇರಬಲ್ಲದು. ಹುಟ್ಟಿನಿಂದಲೇ ಈ ಕೊರತೆಯಿದ್ದ 60 ವರ್ಷದ ಮಹಿಳೆಯೊಬ್ಬರ ಅಧ್ಯಯನ 2009ರಲ್ಲಿ ಬ್ರಿಟನ್ನಿನಿಂದ ಪ್ರಕಟವಾಯಿತು. ಅವರ ಕಿವಿ ಚೆನ್ನಾಗಿತ್ತು, ಮೆದುಳಿನಲ್ಲಿ ಗಾಯವಿರಲಿಲ್ಲ. ಆದರೆ ಪರಿಚಿತರ ದನಿ ಅವರಿಗೆ ಪರಿಚಿತ ಎನಿಸುತ್ತಲೇ ಇರಲಿಲ್ಲ.

ಪರಿಚಿತ ದನಿಯನ್ನು ಗುರುತಿಸುವುದು, ಎರಡು ಅಪರಿಚಿತ ದನಿಗಳನ್ನು ಹೋಲಿಸುವುದು, ಇವೆರಡೂ ಒಂದೇ ಶಕ್ತಿಯಲ್ಲ. ಒಂದನ್ನು ಕಳೆದುಕೊಂಡವರು ಇನ್ನೊಂದನ್ನು ಉಳಿಸಿಕೊಂಡ ಉದಾಹರಣೆಗಳಿವೆ. ಪರಿಚಯ ಎಂದರೆ ಏನು ಎಂಬುದು ಇಲ್ಲಿ ತಿಳಿಯುತ್ತದೆ. ಪಿಸುಮಾತು, ಕೂಗು, ನಗು, ಬೈಗುಳ, ನಿದ್ದೆಗಣ್ಣಿನ ಮಾತು ಹೀಗೆ ಒಬ್ಬರ ದನಿ ದಿನಕ್ಕೆ ಹತ್ತು ರೂಪ ತಾಳುತ್ತದೆ. ಮನೆಯವರು ಆ ಎಲ್ಲ ರೂಪಗಳನ್ನೂ ಕೇಳಿರುತ್ತಾರೆ. ಆದ್ದರಿಂದ ಹೊಸ ರೂಪ ಬಂದರೂ ಅವರು ಮೋಸಹೋಗುವುದು ಕಡಿಮೆ. ಬ್ರಿಟನ್ನಿನ ಸಂಶೋಧಕರು ಜನಪ್ರಿಯ ಟಿ.ವಿ. ಸರಣಿಯೊಂದರ ಇಬ್ಬರು ನಟರ ಮಾತಿನ ತುಣುಕುಗಳನ್ನು ಕೇಳಿಸಿ, ಎಷ್ಟು ಜನರ ದನಿಯಿದೆ ಎಂದು ಲೆಕ್ಕಹಾಕಲು ಹೇಳಿದ ಪ್ರಯೋಗವಿದೆ. ಸರಣಿಯನ್ನು ನೋಡಿದ್ದವರ ಉತ್ತರ ಸರಿಯಾದ ಲೆಕ್ಕಕ್ಕೆ ಹತ್ತಿರವಿತ್ತು. ನೋಡದವರು ಒಬ್ಬನ ದನಿಯನ್ನೇ ಹಲವರದೆಂದು ಎಣಿಸಿದರು. ಕೇಳುವ ಭಾಷೆ ಬರುತ್ತಿದ್ದರೆ ಗುರುತು ಇನ್ನೂ ಸುಲಭವಾಗುತ್ತದೆ. ಕನ್ನಡ ಮಾತ್ರ ಬಲ್ಲವರಿಗೆ ಚೀನೀ ಭಾಷೆಯ ನಾಲ್ವರು ಒಬ್ಬರಂತೆ ಕೇಳಿಸಬಹುದು. ಚೀನೀಯರಿಗೂ ಕನ್ನಡಿಗರ ವಿಷಯದಲ್ಲಿ ಹಾಗೆಯೇ.

ಹಾಡಿಗೆ ಬಂದಾಗ ಗುರುತಿನ ಸಾಮಗ್ರಿ ಬದಲಾಗುತ್ತದೆ. ಮಾತಿನಲ್ಲಿ ದನಿ ಒಂದು ಸ್ವರದಲ್ಲಿ ನಿಲ್ಲದೆ ಸದಾ ಜಾರುತ್ತಿರುತ್ತದೆ; ಆ ಜಾರಿಕೆ ಆಡುವವರದೇ. ಹಾಡಿನಲ್ಲಿ ಸ್ವರವನ್ನು ರಾಗ ನಿರ್ಧರಿಸುತ್ತದೆ, ಅಕ್ಷರದ ಉದ್ದವನ್ನು ತಾಳ ನಿರ್ಧರಿಸುತ್ತದೆ. ಮಾತಿನ ಏರಿಳಿತ, ವೇಗ, ನಿಲುಗಡೆ ಮೂರೂ ಹಾಡುವವರ ಕೈಯಿಂದ ಹೋಗುತ್ತವೆ. ಉಳಿಯುವುದು ನಾದಗುಣ, ಉಚ್ಚಾರಣೆ, ಸ್ವರವನ್ನು ಮುಟ್ಟುವ ಮತ್ತು ಬಿಡುವ ಬಗೆ, ಗಮಕ, ಉಸಿರು ತೆಗೆದುಕೊಳ್ಳುವ ಜಾಗ. ಪಳಗಿದ ಹಾಡುಗಾರರು ನಾದಗುಣವನ್ನೂ ಬದಲಿಸಬಲ್ಲರು. ಪಾಶ್ಚಾತ್ಯ ಒಪೆರಾ ಗಾಯಕರು ಗಂಟಲಿನ ಪೊಳ್ಳನ್ನು ಹೊಂದಿಸಿಕೊಂಡು ಸೆಕೆಂಡಿಗೆ ಸುಮಾರು 3000 ಕಂಪನಗಳ ಸುತ್ತ ನಾದವನ್ನು ಬಲಗೊಳಿಸುತ್ತಾರೆ. ವಾದ್ಯವೃಂದದ ಸದ್ದನ್ನು ಮೀರಿ ದನಿ ಕೇಳಿಸುವುದು ಅದರಿಂದಲೇ ಎಂದು ಸ್ವೀಡನ್ನಿನ ಯೋಹಾನ್ ಸುಂಡ್‌ಬೆರಿ ವಿವರಿಸಿದ್ದಾರೆ. ಅದೇ ಗಾಯಕರ ದಿನದ ಮಾತಿನಲ್ಲಿ ಈ ಗುಣ ಅಷ್ಟಾಗಿ ಇರುವುದಿಲ್ಲ. ಮಾತಿನ ಪರಿಚಯ ಮಾತ್ರ ಇರುವವರು ಪರದೆಯ ಹಿಂದಿನ ಹಾಡು ಕೇಳಿ ಆಳನ್ನು ಹೇಳಲು ತಡವರಿಸುವುದಕ್ಕೆ, ಹಾಡಿನಿಂದ ಮಾತ್ರ ಬಲ್ಲ ಗಾಯಕಿಯ ಮಾತನ್ನು ಸಂದರ್ಶನದಲ್ಲಿ ಕೇಳಿ ‘ಇವರೇನಾ?’ ಎಂದು ಬೆರಗಾಗುವುದಕ್ಕೆ ಇದೇ ಕಾರಣ.

ಕನ್ನಡ ಚಿತ್ರಸಂಗೀತದಲ್ಲಿ ಮಾತಿನ ದನಿಗೂ ಹಾಡಿನ ದನಿಗೂ ನಂಟು ಬೆಸೆಯುವ ಕೆಲಸ ದಶಕಗಳ ಕಾಲ ನಡೆದಿದೆ. ರಾಜಕುಮಾರ್ ಅವರ ಬಹುಪಾಲು ಹಾಡುಗಳನ್ನು ಮೊದಲು ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಇಬ್ಬರ ದನಿಯ ನಾದಗುಣ ಒಂದಕ್ಕೊಂದು ಹೊಂದುತ್ತಿದ್ದುದರಿಂದ, ಮಾತು ಒಬ್ಬರದು ಹಾಡು ಇನ್ನೊಬ್ಬರದು ಎಂಬ ಭಾವನೆ ಪ್ರೇಕ್ಷಕರಿಗೆ ಬರುತ್ತಿರಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜಕುಮಾರ್ ಅವರಿಂದಲೇ ಹಾಡಿಸಿದರು. ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಮಾತು ಹಾಡು ಎರಡನ್ನೂ ಪಳಗಿಸಿಕೊಂಡಿದ್ದ ದನಿ ಅದು. ಅಲ್ಲಿಂದಾಚೆಗೆ ಅವರ ಮಾತಿನ ಸ್ಪಷ್ಟ ಉಚ್ಚಾರಣೆಯೇ ಹಾಡಿನಲ್ಲೂ ಜನರಿಗೆ ಗುರುತಾಯಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ತೆರೆಯ ಮೇಲಿನ ನಟರಿಗೆ ತಕ್ಕಂತೆ ದನಿಯ ಬಣ್ಣ ಬದಲಿಸುತ್ತಿದ್ದರು. ಎಸ್. ಜಾನಕಿ ಪುಟ್ಟ ಮಗುವಿನ ದನಿಯಲ್ಲೂ ಹಾಡಿದ್ದಾರೆ. ಇಷ್ಟು ಬದಲಿಸಿದರೂ ಹಾಡಿನ ಒಂದು ಸಾಲು ಮುಗಿಯುವ ಮೊದಲೇ ಕೇಳುಗರು ಇವರ ಹೆಸರು ಹೇಳುತ್ತಾರೆ. ನೂರಾರು ಹಾಡುಗಳಲ್ಲಿ ನೂರಾರು ರೂಪದಲ್ಲಿ ಕೇಳಿದ ದನಿ ಅದು. ಮನೆಯವರ ದನಿಗೆ ಇರುವಷ್ಟೇ ಪರಿಚಯ ಅದಕ್ಕೂ ಇದೆ.

ದನಿ ಪೂರ್ತಿ ಬದಲಾದ ಮೇಲೆ ಹೊಸ ದನಿಯೇ ಗುರುತಾಗಬಲ್ಲದು ಎಂಬುದಕ್ಕೆ ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆಗಳು ಸಾಕ್ಷಿ. 1930ರ ದಶಕದಲ್ಲಿ ಅವರ ಮೊದಲ ಮುದ್ರಿಕೆಗಳು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ತೆಳುವಾದ, ಚೂಪಾದ ಹೆಣ್ಣುದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಶಾರೀರ ಗಂಡಸರದೆಂದು ಭ್ರಮೆ ಹುಟ್ಟಿಸುವಷ್ಟು ದಪ್ಪವಾಯಿತು. ಹೊಸಬರಿಗೆ ಎರಡೂ ಕಾಲದ ಮುದ್ರಿಕೆಗಳನ್ನು ಒಟ್ಟಿಗೆ ಕೇಳಿಸಿದರೆ ಒಬ್ಬರದೇ ಎಂದು ನಂಬುವುದು ಕಷ್ಟ. ಆದರೆ ಕಿರಾಣಾ ಘರಾಣೆಯ ಗಾಯನವನ್ನು ಕೇಳಿ ಬಲ್ಲವರು, ನಂತರದ ಐದು ದಶಕಗಳ ಅವರ ಯಾವ ಮುದ್ರಿಕೆಯನ್ನೇ ಹಾಕಿದರೂ ಮೊದಲ ಷಡ್ಜದಲ್ಲೇ ಗುರುತಿಸುತ್ತಾರೆ.

ಯಕ್ಷಗಾನದ ಭಾಗವತರ ವಿಷಯವೂ ಹೀಗೆಯೇ. ಬಯಲಾಟ ನಡೆಯುವ ರಾತ್ರಿ ಮೈಕಿನ ದನಿ ಗದ್ದೆ ತೋಟಗಳನ್ನು ದಾಟಿ ದೂರದ ಮನೆಗಳಿಗೆ ಮುಟ್ಟುತ್ತದೆ. ಪದ್ಯದ ಸಾಹಿತ್ಯ ಅಷ್ಟು ದೂರಕ್ಕೆ ತಿಳಿಯುವುದಿಲ್ಲ. ಆದರೂ ಆಟ ನೋಡುವ ಅಭ್ಯಾಸವಿರುವವರು ಇಂದು ಭಾಗವತಿಕೆ ಯಾರದೆಂದು ಮನೆಯಲ್ಲಿ ಕುಳಿತೇ ಹೇಳುತ್ತಾರೆ. ಬಡಗುತಿಟ್ಟಿನ ಕಾಳಿಂಗ ನಾವಡರು 1990ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರನ್ನು ರಂಗದ ಮೇಲೆ ಕಾಣದ ತಲೆಮಾರಿನವರೂ ಕ್ಯಾಸೆಟ್ಟುಗಳಿಂದ ಅವರ ಏರುದನಿಯನ್ನು ಬಲ್ಲರು.

ಎಲ್ಲರಿಗಿಂತ ಹೆಚ್ಚು ಕೇಳಿದ ದನಿ ಸ್ವಂತದ್ದೇ ಆದರೂ ಅದರ ಮುದ್ರಣ ಕೇಳಿದಾಗ ಬಹಳ ಮಂದಿಗೆ ಇರುಸುಮುರುಸಾಗುತ್ತದೆ. ಮಾತಾಡುವಾಗ ಸ್ವಂತ ದನಿ ಗಾಳಿಯಿಂದ ಮಾತ್ರವಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಒಳಗಿವಿಗೆ ತಲುಪುತ್ತದೆ. ಎಲುಬು ತಗ್ಗು ಕಂಪನಗಳನ್ನು ಚೆನ್ನಾಗಿ ಸಾಗಿಸುವುದರಿಂದ ದನಿ ಇದ್ದುದಕ್ಕಿಂತ ತುಂಬಿದಂತೆ ಕೇಳಿಸುತ್ತದೆ. ಮುದ್ರಣದಲ್ಲಿರುವುದು ಗಾಳಿಯಲ್ಲಿ ಹೋದ ದನಿ ಮಾತ್ರ. ಬೇರೆಯವರು ಪ್ರತಿದಿನ ಕೇಳುವುದು ಅದನ್ನೇ.

ವಯಸ್ಸು ಕೂಡ ದನಿಯನ್ನು ಬದಲಿಸುತ್ತದೆ. ಹರೆಯಕ್ಕೆ ಬರುವ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ಕೆಳಗಿಳಿಯುತ್ತದೆ, ತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ದನಿ ಸುಮಾರು ಒಂದು ಸ್ಥಾಯಿಯಷ್ಟು ತಗ್ಗುತ್ತದೆ. ಇಳಿವಯಸ್ಸಿನಲ್ಲಿ ಹೆಂಗಸರ ದನಿ ತುಸು ತಗ್ಗಿದರೆ ಗಂಡಸರ ದನಿ ತುಸು ಏರುವುದುಂಟು. ಜೊತೆಯಲ್ಲಿರುವವರಿಗೆ ಈ ಬದಲಾವಣೆ ತಿಳಿಯುವುದೇ ಇಲ್ಲ; ಹತ್ತು ವರ್ಷದ ಮೇಲೆ ಕೇಳಿದವರಿಗೆ ಹೆಸರು ಹೇಳಬೇಕಾಗುತ್ತದೆ.

ಪರಿಚಯವಿಲ್ಲದ ದನಿಯ ನೆನಪು ಎಷ್ಟು ಬೇಗ ಮಾಸುತ್ತದೆ ಎಂಬುದು ಅಮೆರಿಕದ ಒಂದು ಮೊಕದ್ದಮೆಯಿಂದ ಚರ್ಚೆಗೆ ಬಂತು. ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವನ್ನು 1932ರಲ್ಲಿ ಅಪಹರಿಸಲಾಯಿತು. ಹಣ ಕೊಡುವ ರಾತ್ರಿ ಲಿಂಡ್‌ಬರ್ಗ್ ಕಾರಿನಲ್ಲಿ ಕುಳಿತು, ಸ್ಮಶಾನದ ಕಡೆಯಿಂದ ಬಂದ ಒಂದೆರಡು ಪದಗಳ ಕೂಗನ್ನು ಕೇಳಿದ್ದರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಆ ಕೂಗು ಆರೋಪಿ ಬ್ರೂನೋ ಹಾಪ್ಟ್‌ಮನ್ನನದೇ ಎಂದು 1935ರಲ್ಲಿ ಸಾಕ್ಷಿ ನುಡಿದರು. 1936ರಲ್ಲಿ ಆತನಿಗೆ ಮರಣದಂಡನೆಯಾಯಿತು. ಈ ಪ್ರಕರಣದ ಬೆನ್ನಿಗೆ ಮನೋವಿಜ್ಞಾನಿ ಫ್ರಾನ್ಸಿಸ್ ಮೆಕ್‌ಗೀ 1937ರಲ್ಲಿ ತಮ್ಮ ಪರೀಕ್ಷೆಗಳನ್ನು ಪ್ರಕಟಿಸಿದರು. ಒಮ್ಮೆ ಕೇಳಿದ ಅಪರಿಚಿತ ದನಿಯನ್ನು ಮರುದಿನ ಗುರುತಿಸಿದವರು ಶೇಕಡಾ 83. ಮೂರು ತಿಂಗಳ ನಂತರ ಶೇಕಡಾ 35. ಐದು ತಿಂಗಳ ನಂತರ ಶೇಕಡಾ 13.

ಯಂತ್ರಗಳೂ ಈ ಕೆಲಸಕ್ಕೆ ಬಂದಿವೆ. ಬೆಲ್ ಪ್ರಯೋಗಾಲಯದ ಲಾರೆನ್ಸ್ ಕರ್ಸ್ಟಾ 1962ರಲ್ಲಿ ದನಿಯ ಚಿತ್ರವನ್ನು ಬೆರಳಚ್ಚಿಗೆ ಸಮ ಎಂಬಂತೆ ಮುಂದಿಟ್ಟರು. ಬೆರಳಚ್ಚು ಬದಲಾಗುವುದಿಲ್ಲ, ದನಿ ಗಂಟೆಗಂಟೆಗೆ ಬದಲಾಗುತ್ತದೆ. ಆ ಹೋಲಿಕೆಯನ್ನು ವಿಜ್ಞಾನಿಗಳು ಒಪ್ಪಲಿಲ್ಲ. 1979ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಈ ವಿಧಾನವನ್ನು ಎಚ್ಚರದಿಂದ ಬಳಸಬೇಕೆಂದು ಹೇಳಿತು. ಭಾರತದಲ್ಲಿ ತನಿಖೆಗಾಗಿ ದನಿಯ ಮಾದರಿ ಕೊಡುವಂತೆ ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಒಬ್ಬರ ಮಾತಿನ ಚಿಕ್ಕ ತುಣುಕನ್ನು ಆಧಾರವಾಗಿಟ್ಟುಕೊಂಡು ಅದೇ ದನಿಯಲ್ಲಿ ಬೇಕಾದ ಮಾತನ್ನು ಆಡಿಸುತ್ತವೆ. ಅವು ನಾದಗುಣವನ್ನು ಚೆನ್ನಾಗಿ ಅನುಕರಿಸುತ್ತವೆ. ಮಾತಿನ ನಡಿಗೆ, ಮನೆಯವರೊಡನೆ ಮಾತ್ರ ಬಳಸುವ ಕರೆ, ನಗುವ ಬಗೆ ಇವುಗಳನ್ನು ತುಣುಕಿನಿಂದ ತೆಗೆಯುವುದು ಅಷ್ಟು ಸುಲಭವಲ್ಲ. ಆದರೆ ಮಗನಿಗೆ ಅಪಘಾತವಾಗಿದೆ, ಕೂಡಲೇ ಹಣ ಬೇಕು ಎಂದು ಮಗನ ದನಿಯೇ ಅಳುತ್ತಾ ಹೇಳಿದಾಗ ಅವನ್ನೆಲ್ಲ ಗಮನಿಸುವಷ್ಟು ಸಮಾಧಾನ ಯಾವ ತಾಯಿತಂದೆಗೂ ಇರುವುದಿಲ್ಲ. ವಂಚಕರು ನೆಚ್ಚಿಕೊಂಡಿರುವುದು ಈ ಗಾಬರಿಯನ್ನೇ.

ಪರಿಚಯವಿರುವ ದನಿಯ ವಿಷಯದಲ್ಲಿ ಮನುಷ್ಯರ ಕಿವಿ ನಂಬಿಕೆಗೆ ಅರ್ಹ. ಒಮ್ಮೆ ಕೇಳಿದ ದನಿಯ ವಿಷಯದಲ್ಲಿ ಅಲ್ಲ. ಹಣದ ವಿಷಯ ಬಂದಾಗ ಪರಿಚಿತ ದನಿಯನ್ನೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಹೊಸ ನಂಬರಿನಿಂದ ಆಪ್ತರ ದನಿಯಲ್ಲಿ ಬೇಡಿಕೆ ಬಂದರೆ ಕರೆಯನ್ನು ಕಡಿದು, ಅವರ ಹಳೆಯ ನಂಬರಿಗೆ ತಾವಾಗಿಯೇ ಕರೆ ಮಾಡಿ ವಿಚಾರಿಸಬೇಕು. ಮೋಸ ನಡೆದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.